ಮಹಾಚೆಂಡಾಟದ ಮಾಲೆ ಬೇಡವೆಂದ ಬಿದಿಗೆ

ಬಹಳ ಹಿಂದೆ, ಐವತ್ತಾರು ದೇಶಗಳಲ್ಲಿ ಐವತ್ತಾರನೆಯದಾಗಿ ಕಿರುಮಡಿ ಎಂಬ ರಾಜ್ಯವಿತ್ತು. ನಕಾಶೆ ಬರೆಯುವವರು ಅದನ್ನು ಕೊನೆಗೆ ಬರೆಯುತ್ತಿದ್ದರು. ಕಾಗದ ಸಾಲದಿದ್ದರೆ ಬಿಟ್ಟುಬಿಡುತ್ತಿದ್ದರು. ಅಲ್ಲಿ ಒಂದು ಕೆರೆ, ಒಂದು ಚಾವಡಿ, ಒಬ್ಬ ದೊರೆ. ಉಳಿದವರೆಲ್ಲ ಚೆಂಡು ಹೊಲಿಯುವವರು.

ಐವತ್ತಾರು ದೇಶಗಳಲ್ಲೂ ಆಡುತ್ತಿದ್ದದ್ದು ಕಾಲ್ಚೆಂಡು. ಚೆಂಡು ಮಾತ್ರ ಕಿರುಮಡಿಯದೇ ಆಗಬೇಕಿತ್ತು. ಮೂವತ್ತೆರಡು ತೊಗಲಿನ ತುಂಡು, ಮೇಣ ತೀಡಿದ ದಾರ, ಎರಡು ಸೂಜಿ. ಕೊನೆಯ ಗಂಟು ಒಳಗೆ ಹೋಗಬೇಕು, ಹೊರಗೆ ಕಾಣಬಾರದು. ಹೊಲಿದು ಮುಗಿದ ಚೆಂಡನ್ನು ಆ ಊರಲ್ಲಿ ಯಾರ ಕೈಗೂ ಕೊಡುತ್ತಿರಲಿಲ್ಲ. ಹೊಲಿದವರು ನೆಲಕ್ಕಿಟ್ಟು ಒದೆಯುತ್ತಿದ್ದರು. ಕೊಳ್ಳಲು ಬಂದವನು ಕಾಲಲ್ಲಿ ತಡೆದು ತಗೊಳ್ಳಬೇಕು. ಚೆಂಡು ಸರಿಯಾಗಿದೆಯೇ ಎಂಬುದೂ ಗೊತ್ತಾಗುತ್ತಿತ್ತು, ಬಂದವನು ಆಡುವವನೇ ಎಂಬುದೂ ಗೊತ್ತಾಗುತ್ತಿತ್ತು.

ಆ ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಚೆಂಡು ಹೊಲಿಯುತ್ತಿದ್ದವಳು ಬಿದಿಗೆ. ಬಿದಿಗೆಯ ದಿನ ಹುಟ್ಟಿದ್ದಕ್ಕೆ ಆ ಹೆಸರು. ಅವಳ ಅಪ್ಪನಿಗೆ ಹೆಸರು ಹುಡುಕುವ ವ್ಯವಧಾನ ಇರಲಿಲ್ಲ. ಅಕ್ಕನ ಹೆಸರು ನವಮಿ, ಕಾರಣ ಅದೇ. ನವಮಿಯನ್ನು ಹಸಿರುಮಲೆ ಎಂಬ ರಾಜ್ಯಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಅವಳು ಪ್ರತಿ ತಿಂಗಳೂ ತಂಗಿಗೆ ಓಲೆ ಬರೆಯುತ್ತಿದ್ದಳು. ನಾಲ್ಕು ವರ್ಷದಿಂದ ಓಲೆ ಬಂದಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಹಸಿರುಮಲೆಯಲ್ಲಿ ಮಹಾಚೆಂಡಾಟ ನಡೆದಿತ್ತು.

ಮಹಾಚೆಂಡಾಟ ನಾಲ್ಕು ವರ್ಷಕ್ಕೊಮ್ಮೆ. ಐವತ್ತಾರು ದೇಶಗಳ ತಂಡಗಳೂ ಬರುತ್ತಿದ್ದವು. ಯಾವ ದೇಶದಲ್ಲಿ ನಡೆಯಬೇಕೆಂದು ತೀರ್ಮಾನಿಸುತ್ತಿದ್ದದ್ದು ಮಧ್ಯಸ್ಥ ಮಂಡಳಿ. ಅದರ ಯಜಮಾನ ಮಹಾಮಧ್ಯಸ್ಥ ಧೂಮಕೇತನ. ಅವನು ಮಂತ್ರವಾದಿ. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಅವನ ಹತ್ತಿರ ಮೊಹರು ಇತ್ತು, ಹಾಗಾಗಿ ಯಾರೂ ಮಾತಾಡುತ್ತಿರಲಿಲ್ಲ.

ಆಟ ನೋಡಲು ಹೋದ ಹಸಿರುಮಲೆಯ ಜನ ಒಬ್ಬರೂ ಮನೆಗೆ ಮರಳಲಿಲ್ಲ. ಮಂಡಳಿ ದೇಶದೇಶಗಳಲ್ಲಿ ಡಂಗುರ ಹೊಡೆಸಿತು: "ಹಸಿರುಮಲೆಯ ಜನ ಆಟಕ್ಕೆ ಎಷ್ಟು ಮನಸೋತರೆಂದರೆ ಕೂತಲ್ಲಿಂದ ಏಳಲೇ ಇಲ್ಲ!"

ಉಳಿದ ದೇಶಗಳೆಲ್ಲ "ಎಂಥ ಅಭಿಮಾನ!" ಎಂದು ತಲೆದೂಗಿದವು.

ಬಿದಿಗೆ ಮಾತ್ರ, "ಒಲೆ ಮೇಲೆ ಹಾಲಿಟ್ಟು ನಮ್ಮಕ್ಕ ಅಷ್ಟೊತ್ತು ಕೂರೋಳಲ್ಲ," ಎಂದಳು. ಅವಳ ಮಾತನ್ನು ಯಾರೂ ಡಂಗುರ ಹೊಡೆಸಲಿಲ್ಲ.

ಹೀಗಿರುವಾಗ ಒಂದು ದಿನ ಕಿರುಮಡಿಯ ದೊರೆ ಚಿಕ್ಕಭೂಪ ಬಿದಿಗೆಯನ್ನು ಕರೆಸಿದ.

"ಬಿದಿಗೆ, ಈ ಸಲದ ಮಹಾಚೆಂಡಾಟ ನಮ್ಮ ಕಿರುಮಡಿಯಲ್ಲೇ ನಡೀಬೇಕು ಅಂತ ಅರ್ಜಿ ಹಾಕಿದೀನಿ."

"ಯಾಕೆ ಬುದ್ಧಿ?"

"ಯಾಕೆ ಅಂದ್ರೆ? ಕೀರ್ತಿ ಕಣಮ್ಮ!"

"ಹಸಿರುಮಲೆಗೂ ಕೀರ್ತಿ ಬಂತು. ಜನ ವಾಪಸ್ ಬರ್ಲಿಲ್ಲ."

"ನಕಾಶೆಯಲ್ಲಿ ನಮ್ಮ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತೆ."

"ಊರಲ್ಲಿ ಜನ ಇಲ್ಲದ ಮೇಲೆ ಅದನ್ನ ಓದೋರು ಯಾರು ಬುದ್ಧಿ?"

ದೊರೆಗೆ ಇದು ಹಿಡಿಸಲಿಲ್ಲ. "ನೋಡು, ತೀರ್ಮಾನದ ಸಭೆಗೆ ನಮ್ಮ ಕಡೆಯಿಂದ ಒಬ್ಬರು ಕಾಣಿಕೆ ಚೆಂಡು ತಗೊಂಡು ಹೋಗ್ಬೇಕು. ಮಂತ್ರಿಗಳಿಗೆ ಬೆನ್ನುನೋವು. ನೀನು ಹೋಗು. ಅವರು ಕೇಳಿದ್ದಕ್ಕೆಲ್ಲ ಹೌದು ಅನ್ನು, ಸಾಕು. ಸಭೆ ಹಸಿರುಮಲೆಯ ಮೈದಾನದಲ್ಲೇ ನಡೆಯುತ್ತೆ."

ಬಿದಿಗೆ ಕೊನೆಯ ಮಾತಿಗೆ ಕಿವಿ ನಿಮಿರಿಸಿದಳು. "ಹೋಗೋದಕ್ಕೆ ಒಪ್ಪಿದೆ ಬುದ್ಧಿ," ಎಂದಳು.

ಹೌದು ಅನ್ನುವುದಕ್ಕೆ ಒಪ್ಪಿದೆ ಎಂದು ಅವಳು ಹೇಳಲಿಲ್ಲ. ದೊರೆ ಅದನ್ನು ಗಮನಿಸಲಿಲ್ಲ. ದೊರೆಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಬಿದಿಗೆ ಹೊಸ ಚೆಂಡೊಂದನ್ನು ಹೊಲಿದು ಹೆಗಲ ಜೋಳಿಗೆಗೆ ಹಾಕಿಕೊಂಡು ಹೊರಟಳು. ಮೂರು ಕಾಡು ದಾಟಿದಳು. ಮೂರು ಹೊಳೆ ದಾಟಿದಳು. ಮಾತಾಡುವ ಮರಗಳು ದಾರಿಯಲ್ಲಿ ಸಿಕ್ಕವು. ಅವಕ್ಕೆ ಹೇಳಲು ವಿಶೇಷವೇನೂ ಇರಲಿಲ್ಲ. ನಾಲ್ಕನೆಯ ದಿನ ಹಸಿರುಮಲೆ ತಲುಪಿದಳು.

ಹಸಿರುಮಲೆಯ ಮನೆಗಳ ಬಾಗಿಲುಗಳೆಲ್ಲ ತೆರೆದಿದ್ದವು. ಒಳಗೆ ಯಾರೂ ಇರಲಿಲ್ಲ. ಊರ ನಡುವೆ ಬೆಟ್ಟದಷ್ಟು ಎತ್ತರದ ದುಂಡು ಮೈದಾನ. ಅದರ ಸುತ್ತ ನಲವತ್ತು ಸಾವಿರ ಕಲ್ಲಿನ ಆಸನಗಳು. ಪ್ರತಿ ಆಸನಕ್ಕೂ ಎರಡು ಕೈ, ಒಂದು ಬೆನ್ನು, ಮಡಿಸಿದ ಮಂಡಿ. ಬಿದಿಗೆ ಒಂದೊಂದೇ ಸಾಲು ನೋಡುತ್ತಾ ಹೋದಳು. ಏಳನೆಯ ಸಾಲಿನಲ್ಲಿ ಒಂದು ಆಸನದ ಬಲಗೈಯ ತುದಿಗೆ ತೊಗಲಿನ ಪುಟ್ಟ ಟೊಪ್ಪಿ ಸಿಕ್ಕಿಕೊಂಡಿತ್ತು. ಚೆಂಡು ಹೊಲಿಯುವವರು ಸೂಜಿ ಚುಚ್ಚದಿರಲೆಂದು ಹೆಬ್ಬೆರಳಿಗೆ ತೊಡುವ ಟೊಪ್ಪಿ. ಅದರ ಅಂಚಿನ ಹೊಲಿಗೆ ಬಿದಿಗೆಯದೇ. ಮದುವೆಯ ದಿನ ಅಕ್ಕನಿಗೆ ಕೊಟ್ಟದ್ದು.

ಅವಳು ಕಲ್ಲಿನ ಮೇಲೆ ಕೈಯಿಟ್ಟಳು. ಕಲ್ಲು ಬೆಚ್ಚಗಿತ್ತು.

"ಅಕ್ಕಾ, ಎದ್ದೇಳೇ," ಎಂದಳು.

ಕಲ್ಲು ಏಳಲಿಲ್ಲ. ಬಿದಿಗೆ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದಳು. ಇದೇ ಗತಿ ಕಿರುಮಡಿಗೂ ಕಾದಿದೆ ಎಂಬುದು ಅವಳಿಗೆ ಅರ್ಥವಾಗಿತ್ತು. ಈ ಆತಿಥ್ಯ ನಮಗೆ ಸಿಗಬಾರದು, ಅಕ್ಕನನ್ನು ಬಿಟ್ಟು ಇಲ್ಲಿಂದ ಕದಲಬಾರದು. ಎರಡನ್ನೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಮೈದಾನದ ಒಂದು ತುದಿಯಲ್ಲಿ, ಸುಣ್ಣದ ಗೆರೆಯಾಚೆ, ವೇದಿಕೆ ಕಟ್ಟಿದ್ದರು. ರೇಷ್ಮೆಯ ಚಪ್ಪರದ ಕೆಳಗೆ ಧೂಮಕೇತನ ಕೂತಿದ್ದ. ಮುಖ ಎಳೆಯದು, ಕಣ್ಣು ಮುದಿ. ಪಕ್ಕದಲ್ಲಿ ಆರು ಮಂದಿ ಮಧ್ಯಸ್ಥರು. ಧೂಮಕೇತನ ತಲೆಯಾಡಿಸಿದರೆ ಆಡಿಸುವುದು ಅವರ ಉದ್ಯೋಗ. ವೇದಿಕೆಯ ಕೆಳಗೆ, ಸೊಂಡಿಲಲ್ಲಿ ಹೂಮಾಲೆ ಹಿಡಿದು, ಪಟ್ಟದಾನೆ ನಿಂತಿತ್ತು. ಅದು ಯಾರ ಕೊರಳಿಗೆ ಮಾಲೆ ಹಾಕುತ್ತದೋ ಅವರ ದೇಶಕ್ಕೆ ಆತಿಥ್ಯ. ಆನೆಗೆ ಪಕ್ಷಪಾತ ಗೊತ್ತಿಲ್ಲ ಎಂದು ಮಂಡಳಿ ಹೇಳುತ್ತಿತ್ತು.

ಅರ್ಜಿ ಹಾಕಿದ್ದ ಹನ್ನೊಂದು ದೇಶಗಳಲ್ಲಿ ಕೊನೆಯ ಸುತ್ತಿಗೆ ಉಳಿದದ್ದು ಎರಡೇ. ಒಂದು ಕಿರುಮಡಿ. ಇನ್ನೊಂದು ಕನಕಾವತಿ, ಎಲ್ಲರಿಗಿಂತ ಸಿರಿವಂತ ದೇಶ. ಅದರ ರಾಯಭಾರಿ ರತ್ನಾಂಗದ ಎಂಬವನು ಮೈತುಂಬ ಒಡವೆ ಹಾಕಿಕೊಂಡು ಬಂದಿದ್ದ; ನಡೆದರೆ ಎತ್ತಿನ ಗಾಡಿಯಂತೆ ಸದ್ದಾಗುತ್ತಿತ್ತು.

"ಮೂರು ಪರೀಕ್ಷೆ," ಎಂದ ಧೂಮಕೇತನ. "ಮೂರರಲ್ಲೂ ಗೆದ್ದ ದೇಶಕ್ಕೆ ಮಾಲೆ."

ಬಿದಿಗೆಗೆ ಸಮಾಧಾನವಾಯಿತು. ಗೆಲ್ಲುವುದು ಕಷ್ಟವಿರಬಹುದು. ಸೋಲುವುದಕ್ಕೆ ಏನು ಬೇಕು?

ಮೊದಲನೆಯದು ಕನ್ನಡಿಯ ಪರೀಕ್ಷೆ. ಆಳೆತ್ತರದ ಮಾಯಾಕನ್ನಡಿಯಲ್ಲಿ ಆಯಾ ದೇಶದ ಆಟದ ಬಯಲು ಕಾಣುತ್ತಿತ್ತು. ಕನ್ನಡಿಯ ಮುಂದೆ ರತ್ನಾಂಗದ ನಿಂತಾಗ ಚಿನ್ನದ ಹುಲ್ಲು ಫಳಫಳ ಹೊಳೆಯಿತು. ಬಿದಿಗೆ ನಿಂತಾಗ ಕಿರುಮಡಿಯ ಕೆರೆಯಂಗಳ ಕಂಡಿತು. ನಾಲ್ಕು ಹಸು ಮೇಯುತ್ತಿದ್ದವು. ಒಂದು ಕತ್ತೆ ಮಲಗಿತ್ತು.

"ಇದು ನಮ್ಮ ಬಯಲು," ಎಂದಳು ಬಿದಿಗೆ. "ನಡುವೆ ಒಂದು ಬಂಡೆ ಇದೆ. ಅದನ್ನ ತೆಗೆಯಲ್ಲ. ಬುತ್ತಿ ಬಿಚ್ಚೋಕೆ ಬೇಕು."

ಆರು ಮಧ್ಯಸ್ಥರು ಧೂಮಕೇತನನ ಮುಖ ನೋಡಿದರು. ಅವನು ತಲೆಯಾಡಿಸಿದ.

"ನೈಸರ್ಗಿಕ ಸೊಬಗು," ಎಂದು ಬರೆದುಕೊಂಡರು. "ಗೆದ್ದಿದೆ."

ಎರಡನೆಯದು ಹುಲಿಯ ಪರೀಕ್ಷೆ. ಏಳು ನಾಲಿಗೆಯ ಹುಲಿಯೊಂದನ್ನು ಸರಪಳಿ ಹಾಕಿ ತಂದರು. ಬಂದ ಅತಿಥಿಗಳಿಗೆ ಆ ದೇಶದಲ್ಲಿ ಎಂಥ ಊಟ ಸಿಗುತ್ತದೆಂದು ಅದು ರುಚಿ ನೋಡಿ ಹೇಳಬೇಕು. ರತ್ನಾಂಗದ ಏಳು ಬಗೆಯ ಪಾಯಸ ಇಟ್ಟ. ಹುಲಿ ಏಳು ನಾಲಿಗೆಯಿಂದಲೂ ನೆಕ್ಕಿತು. ಬಿದಿಗೆ ಜೋಳಿಗೆಯಿಂದ ನಾಲ್ಕು ದಿನದ ಹಳೆಯ ಮುದ್ದೆ ತೆಗೆದಳು. ಉಪ್ಪಿಲ್ಲ, ಸಾರಿಲ್ಲ. ಹುಲಿ ಒಂದು ತುತ್ತು ತಿಂದಿತು. ಅದರ ಕಣ್ಣು ಮೇಲಕ್ಕೆ ಹೋಯಿತು. ಕಾಲು ನಾಲ್ಕೂ ಮೇಲೆ ಮಾಡಿ ಬಿದ್ದುಬಿಟ್ಟಿತು.

ಬಿದಿಗೆ ಹೆಮ್ಮೆಯಿಂದ ಸುತ್ತ ನೋಡಿದಳು. ಧೂಮಕೇತನ ತಲೆಯಾಡಿಸಿದ.

"ಹುಲಿ ತೃಪ್ತಿಯಿಂದ ಮಲಗಿದೆ," ಎಂದು ಬರೆದುಕೊಂಡರು. "ಗೆದ್ದಿದೆ."

ಬಿದಿಗೆಗೆ ಅನುಮಾನ ಬಂದದ್ದು ಆಗ.

ಮಧ್ಯಾಹ್ನ ಮಂಡಳಿ ಊಟಕ್ಕೆ ಎದ್ದಿತು. ಅದರ ಊಟ ದೀರ್ಘವಾದದ್ದು. ಬಿದಿಗೆ ಮೈದಾನದ ಹಿಂದಿನ ಕೊಳದ ಹತ್ತಿರ ಹೋದಳು. ಅಲ್ಲಿ ಪಟ್ಟದಾನೆ ನೀರಿನಲ್ಲಿ ನಿಂತಿತ್ತು. ಮಾಲೆಯನ್ನು ಕೊಂಬೆಯೊಂದಕ್ಕೆ ನೇತುಹಾಕಿತ್ತು.

"ತಂಗೀ," ಎಂದಿತು ಆನೆ, ಪಿಸುದನಿಯಲ್ಲಿ. "ಮುದ್ದೆ ಉಳಿದಿದೆಯಾ?"

"ಹುಲಿಗೆ ಏನಾಯ್ತು ನೋಡಿದ್ರಲ್ಲ."

"ನೋಡಿದೆ. ಆದ್ರೂ ಆನೆ ಹಸಿವು."

ಬಿದಿಗೆ ಉಳಿದ ಮುದ್ದೆ ಕೊಟ್ಟಳು. ಆನೆ ನುಂಗಿ, "ನಾನು ಆನೆಯಲ್ಲ," ಎಂದಿತು. "ನನ್ನ ಹೆಸರು ಬೊಮ್ಮಯ್ಯ. ಮಹಾಚೆಂಡಾಟದ ತೀರ್ಪುಗಾರ ಆಗಿದ್ದೆ. ಪೀಪಿ ಊದುವವನು."

"ಮತ್ತೆ ಇದೇನು ಬೊಮ್ಮಯ್ಯನೋರೇ?"

"ಧೂಮಕೇತನ ಗೆಲ್ಲಬೇಕು ಅಂದುಕೊಂಡಿದ್ದ ತಂಡದವನೊಬ್ಬ ಕೈಯಿಂದ ಗೋಲು ಹೊಡೆದ. ತಪ್ಪು ಅಂತ ಊದಿದೆ. ಮಾರನೇ ದಿನ ಸೊಂಡಿಲು ಬಂತು."

ಬಿದಿಗೆ ಕೊಳದ ಮೆಟ್ಟಿಲ ಮೇಲೆ ಕೂತಳು. "ನಾನು ಸೋಲೋಕೆ ಏನು ಮಾಡ್ಬೇಕು ಹೇಳಿ. ಎಷ್ಟು ಕೆಟ್ಟದಾಗಿ ಮಾಡಿದ್ರೂ ಗೆಲ್ಲಿಸ್ತಿದಾರೆ."

"ಏನು ಮಾಡಿದ್ರೂ ಆಗಲ್ಲ. ಮಾಲೆ ನಿಂಗೇ ಹಾಕ್ಬೇಕು ಅಂತ ನಂಗೆ ಮೊದಲೇ ಹೇಳಿದಾರೆ."

"ಮೂರನೇ ಪರೀಕ್ಷೆ ಇನ್ನೂ ಆಗಿಲ್ವಲ್ಲ!"

"ಮೊದಲನೇದು ಆಗೋಕೂ ಮುಂಚೆ ಹೇಳಿದ್ರು."

"ಕನಕಾವತಿ ಬಿಟ್ಟು ನಾವ್ಯಾಕೆ?"

"ನಿಮ್ಮೋರು ದಿನವಿಡೀ ಕೂತು ಹೊಲಿಯೋರು. ಕೂತು ಪಳಗಿದ ಜನ ಬೇಗ ಕಲ್ಲಾಗ್ತಾರೆ. ಕೂತೋರ ಆಯಸ್ಸೆಲ್ಲ ಅವನಿಗೆ ಹೋಗುತ್ತೆ. ಅವನಿಗೀಗ ಮುನ್ನೂರು ವರ್ಷ."

ಬಿದಿಗೆ ಹಲ್ಲು ಕಚ್ಚಿದಳು. "ನಮ್ಮಕ್ಕ ಹೆಂಗೆ ಕಲ್ಲಾದ್ಲು?"

"ಕೊನೆಯ ಊದು ಕೇಳೋವರೆಗೆ ನೋಡೋರು ಏಳಬಾರದು ಅಂತ ಅವನು ಒಂದು ನಿಯಮ ಮಾಡಿದ. ಆಮೇಲೆ ಕೊನೆಯ ಊದು ಊದಿಸೋದನ್ನೇ ನಿಲ್ಲಿಸಿಬಿಟ್ಟ. ಆಟಗಾರರು ಸುಸ್ತಾಗಿ ಮನೆಗೆ ಹೋದ್ರು. ಜನ ಕಾಯ್ತಾ ಕೂತ್ರು. ಕಾಯ್ತಾ ಕಾಯ್ತಾ ಕಲ್ಲಾದ್ರು. ಇದಕ್ಕೂ ಹಿಂದೆ ಆಟ ನಡೆದ ಊರುಗಳಲ್ಲೂ ಇದೇ ಕತೆ."

"ನೀವು ಊದಿ, ಮತ್ತೆ!"

"ನನ್ನ ಗಂಟಲು ಕಟ್ಟಿದಾನೆ. ಪಿಸುಗುಟ್ಟಬಹುದು, ಅಷ್ಟೇ. ಆದ್ರೆ ಸುಣ್ಣದ ಗೆರೆಯೊಳಗೆ ನಿಜವಾದ ತಪ್ಪು ಕಣ್ಣಿಗೆ ಬಿದ್ರೆ ಈ ಗಂಟಲು ತಾನಾಗೇ ಬಿಚ್ಚಿಕೊಳ್ಳುತ್ತೆ. ತೀರ್ಪುಗಾರನ ಗಂಟಲಲ್ವಾ, ಅಷ್ಟನ್ನ ಕಟ್ಟೋಕೆ ಅವನಿಂದ ಆಗ್ಲಿಲ್ಲ. ಅದಕ್ಕೇ ಆಟದ ದಿನ ನನ್ನನ್ನ ಲಾಯದಲ್ಲಿ ಕೂಡಿಹಾಕ್ತಾನೆ. ಬಿಡೋದು ಮಾಲೆ ಹಾಕೋ ದಿನ ಮಾತ್ರ. ಅವತ್ತು ಆಟ ಇರಲ್ಲ."

ಬಿದಿಗೆಗೆ ಕತೆಗಳಲ್ಲಿ ಕೇಳಿದ್ದು ನೆನಪಾಯಿತು. "ಮಂತ್ರವಾದಿಗಳ ಪ್ರಾಣ ಎಲ್ಲೋ ಗಿಣಿಯಲ್ಲಿ ಇರುತ್ತಂತಲ್ಲ?"

"ಹಳೇ ಕಾಲದೋರು ಹಾಗೆ ಮಾಡ್ತಿದ್ರು. ಗಿಣಿ ಅಂದ್ರೆ ಕಾಳು ಹಾಕ್ಬೇಕು, ಬೆಕ್ಕಿನಿಂದ ಕಾಯ್ಬೇಕು. ಇವನು ಜಾಣ. ನಿಯಮದ ಪುಸ್ತಕದಲ್ಲಿ ಇಟ್ಟಿದಾನೆ. ಅದನ್ನ ಯಾರೂ ಓದಲ್ಲ."

"ಸುಟ್ರೆ?"

"ಸುಡಲ್ಲ. ಅವನೇ ನಿಯಮ ಮುರೀಬೇಕು. ಸಾವಿರ ನಿಯಮ ಅವನೇ ಬರ್ದಿರೋದು, ತನಗೆ ಬೇಕಾದ ಹಾಗೆ. ಮೊದಲ ಮೂರು ಮಾತ್ರ ಅವನು ಹುಟ್ಟೋಕೂ ಮುಂಚೆ ಆಡೋರು ಬರ್ದಿದ್ದು. ಅಳಿಸೋಕೆ ನೋಡಿದ, ಆಗ್ಲಿಲ್ಲ. ಒಂದು: ಗೆರೆಯೊಳಗೆ ಚೆಂಡನ್ನ ಕೈಯಲ್ಲಿ ಮುಟ್ಟಬಾರದು, ಗೋಲು ಕಾಯೋನು ಮಾತ್ರ ತನ್ನ ಗೋಲಿನ ಮುಂದೆ ಮುಟ್ಟಬಹುದು. ಎರಡು: ಮುಟ್ಟಿದವನು ಹೊರಗೆ. ಮೂರು: ತೀರ್ಪುಗಾರ ಊದಿದ ಮೇಲೆ ಮಾತಿಲ್ಲ."

"ಅವನು ಗೆರೆಯೊಳಗೆ ಬರ್ತಾನಾ?"

"ಮುನ್ನೂರು ವರ್ಷದಲ್ಲಿ ಒಂದು ಸಲಾನೂ ಬಂದಿಲ್ಲ. ಹುಲ್ಲು ಅಂಗಾಲಿಗೆ ಚುಚ್ಚುತ್ತಂತೆ."

"ಅವನು ಯಾವತ್ತಾದ್ರೂ ಚೆಂಡು ಒದ್ದಿದಾನಾ?"

ಆನೆ ನಕ್ಕಿತು. ಕೊಳದ ನೀರು ದಡಕ್ಕೆ ಬಡಿಯಿತು. "ಒದ್ದೋನು ಮಂಡಳಿ ಸೇರ್ತಾನೇನಮ್ಮ?"

ಬಿದಿಗೆ ಎದ್ದು ಸೀರೆಗೆ ಅಂಟಿದ್ದ ಹುಲ್ಲು ಕೊಡವಿಕೊಂಡಳು. "ಮಾಲೆ ಹಾಕಿದ ಮೇಲೆ ನೀವು ಮೈದಾನ ಬಿಟ್ಟು ಹೋಗ್ಬೇಡಿ, ಬೊಮ್ಮಯ್ಯನೋರೇ. ಸ್ವಲ್ಪ ಹೊತ್ತು ನಿಂತಿರಿ."

ಮೂರನೆಯದು ಗಂಟೆಯ ಪರೀಕ್ಷೆ. ನಿಜ ಹೇಳಿದರೆ ಮಾತ್ರ ಮೊಳಗುವ ಕಂಚಿನ ಗಂಟೆಯೊಂದನ್ನು ತೂಗುಹಾಕಿದರು.

"ಮಹಾಚೆಂಡಾಟ ನಿಮ್ಮ ಜನಕ್ಕೆ ಬೇಕೆ?" ಎಂದು ಧೂಮಕೇತನ ರತ್ನಾಂಗದನನ್ನು ಕೇಳಿದ.

"ನಮ್ಮ ಪ್ರತಿಯೊಬ್ಬ ಪ್ರಜೆಯ ಕನಸು ಅದು," ಎಂದ ರತ್ನಾಂಗದ. ಗಂಟೆ ಅಲುಗಲಿಲ್ಲ. ಅವನು ಕೆಮ್ಮಿದ. "ಮಹಾರಾಜರ ಕನಸು," ಎಂದ. ಗಂಟೆ ಟಣ್ ಎಂದಿತು.

"ಕಿರುಮಡಿಯ ಜನಕ್ಕೆ ಬೇಕೆ?"

"ಬೇಡ!" ಎಂದಳು ಬಿದಿಗೆ.

ಗಂಟೆ ಎಷ್ಟು ಜೋರಾಗಿ ಮೊಳಗಿತೆಂದರೆ ಚಪ್ಪರದ ಮೇಲೆ ಕೂತಿದ್ದ ಪಾರಿವಾಳಗಳು ಹಾರಿಹೋದವು. ಆರು ಮಧ್ಯಸ್ಥರು ಕಿವಿ ಮುಚ್ಚಿಕೊಂಡು ಧೂಮಕೇತನನ ಕಡೆ ನೋಡಿದರು. ಅವನು ತಲೆಯಾಡಿಸಿದ.

"ಗಂಟೆ ಮೊಳಗಿತು," ಎಂದು ಬರೆದುಕೊಂಡರು. "ಗೆದ್ದಿದೆ."

ಪಟ್ಟದಾನೆ ತಲೆ ತಗ್ಗಿಸಿಕೊಂಡು ಬಂದು ಬಿದಿಗೆಯ ಕೊರಳಿಗೆ ಮಾಲೆ ಹಾಕಿತು. ಕಹಳೆಗಳು ತಾವಾಗೇ ಊದಿಕೊಂಡವು. ಮುಗಿಲಿನಿಂದ ಹೂ ಉದುರಿತು. ಆನೆ ಹಿಂದಕ್ಕೆ ಸರಿದು, ಗೆರೆಯ ಮೇಲೆ ನಿಂತುಕೊಂಡಿತು.

ರತ್ನಾಂಗದ ಒಡವೆ ಸದ್ದು ಮಾಡುತ್ತಾ ಹತ್ತಿರ ಬಂದ. ಮುಖ ಹುಳ್ಳಗಾಗಿತ್ತು. "ನಿಜ ಹೇಳಮ್ಮ, ಒಳಗೆ ನಿಮ್ಮೋರು ಯಾರಿದಾರೆ?"

"ನಮ್ಮಕ್ಕ ಇದಾಳೆ," ಎಂದಳು ಬಿದಿಗೆ. "ಏಳನೇ ಸಾಲಲ್ಲಿ."

ಅವಳು ಮಾಲೆ ತೆಗೆಯಲು ನೋಡಿದಳು. ಮಾಲೆ ಬಿಗಿಯಿತು. "ನಮಗೆ ಬೇಡ," ಎಂದಳು. ಮಾಲೆ ಇನ್ನಷ್ಟು ಬಿಗಿಯಿತು. ಕಣ್ಣು ಕತ್ತಲೆ ಬಂತು.

"ಆತಿಥ್ಯ ಸಿಕ್ಕವರು ಬೇಡ ಅನ್ನುವಂತಿಲ್ಲ, ಮಗೂ," ಎಂದ ಧೂಮಕೇತನ ಮೆತ್ತಗೆ. "ನಾನೂರ ಹನ್ನೆರಡನೆಯ ನಿಯಮ. ಈಗ ವೇದಿಕೆಗೆ ಬಾ. ಕಾಣಿಕೆ ಚೆಂಡನ್ನು ನನ್ನ ಕೈಗೆ ಕೊಡು. ಕೊಟ್ಟರೆ ಮುಗಿಯಿತು, ಕಿರುಮಡಿ ನನ್ನದು. ಅಂದರೆ, ಆಟದ್ದು."

ಒಬ್ಬ ಮಧ್ಯಸ್ಥ ಬೆಳ್ಳಿಯ ತಟ್ಟೆ ಹಿಡಿದು ಓಡಿ ಬಂದ. ಬಿದಿಗೆ ತಟ್ಟೆ ನೋಡಲೂ ಇಲ್ಲ. ಮೈದಾನದ ನಟ್ಟನಡುವಿಗೆ ನಡೆದುಹೋಗಿ, ಕೈ ತಾಗಿಸದೆ ಜೋಳಿಗೆ ಕೊಡವಿ ಚೆಂಡನ್ನು ಹುಲ್ಲಿನ ಮೇಲೆ ಬೀಳಿಸಿದಳು.

"ನಮ್ಮೂರಲ್ಲಿ ಚೆಂಡನ್ನ ಕೈಗೆ ಕೊಡಲ್ಲ," ಎಂದು ಕೂಗಿ ಹೇಳಿದಳು. "ನೆಲಕ್ಕಿಟ್ಟು ಒದೀತೀವಿ. ತಗೊಳ್ಳೋರು ಬಂದು ಕಾಲಲ್ಲಿ ತಡೀಬೇಕು."

"ಅದೆಲ್ಲ ಇಲ್ಲಿ ಬೇಡ. ತಟ್ಟೆಯಲ್ಲಿಡು."

"ನಿಮ್ಮ ಪುಸ್ತಕದಲ್ಲಿ ಇಲ್ವಾ? ಆತಿಥ್ಯ ವಹಿಸೋ ದೇಶದ ರೂಢಿಗೆ ಮರ್ಯಾದೆ ಕೊಡ್ಬೇಕು ಅಂತ?"

ಅವಳು ಅಂದಾಜಿನ ಮೇಲೆ ಹೇಳಿದ್ದಳು. ಸಾವಿರ ನಿಯಮ ಬರೆದವನು ಅದೊಂದನ್ನು ಬರೆಯದೇ ಬಿಟ್ಟಿರಲಾರ. ಒಬ್ಬ ಮಧ್ಯಸ್ಥ ಪುಸ್ತಕ ತಿರುವಿ ಹಾಕಿದ. ಅವನ ಮುಖ ಕಳೆಗುಂದಿತು. "ಇದೆ ಸ್ವಾಮೀ. ಏಳುನೂರ ಅರವತ್ತನೆಯದು. ಉದ್ಘಾಟನೆಯಲ್ಲಿ ಕುಣಿತ ಇಡಿಸೋಕೆ ಅಂತ ತಾವೇ ಬರೆಸಿದ್ದು."

ಧೂಮಕೇತನ ಅವನನ್ನು ದುರುಗುಟ್ಟಿಕೊಂಡು ನೋಡಿದ. ಆದರೆ ಪ್ರಾಣ ಇದ್ದದ್ದು ಪುಸ್ತಕದಲ್ಲಿ. ಪುಸ್ತಕ ಹೇಳಿದಂತೆ ನಡೆಯದೆ ಗತ್ಯಂತರವಿರಲಿಲ್ಲ. ಅವನು ಚಪ್ಪರದಿಂದ ಇಳಿದ. ನಿಲುವಂಗಿ ಮೇಲೆತ್ತಿಕೊಂಡು, ತುದಿಗಾಲಲ್ಲಿ ಗೆರೆ ದಾಟಿದ. ಮುನ್ನೂರು ವರ್ಷದಲ್ಲಿ ಮೊದಲ ಬಾರಿಗೆ ಅವನ ಕಾಲು ಹುಲ್ಲಿಗೆ ತಾಗಿತು.

"ಕಾಲಲ್ಲಿ ತಡೀಬೇಕು, ಗೊತ್ತಾಯ್ತಾ?" ಎಂದಳು ಬಿದಿಗೆ.

"ಗೊತ್ತು, ಗೊತ್ತು. ಈ ಆಟ ನಡೆಸುವವನೇ ನಾನು. ಒದಿ ಬೇಗ."

ಬಿದಿಗೆ ಮೂರು ಹೆಜ್ಜೆ ಹಿಂದೆ ಹೋದಳು. ಮಾಲೆ ಕೊರಳು ಹಿಸುಕುತ್ತಿತ್ತು. ಅವಳು ಏಳನೆಯ ಸಾಲಿನ ಕಡೆ ಒಮ್ಮೆ ನೋಡಿದಳು. ಓಡಿ ಬಂದಳು. ಕಿರುಮಡಿಯಲ್ಲಿ ಒದೆಯುವ ಹಾಗೆ ಒದೆಯಲಿಲ್ಲ. ಅಲ್ಲಿ ನೆಲದ ಮೇಲೆ ಮೆಲ್ಲಗೆ ಉರುಳಿಸುತ್ತಾರೆ. ಇವಳು ನೇರ ಅವನ ಮೂಗಿಗೆ ಗುರಿಯಿಟ್ಟಳು.

ಆಡಿ ಗೊತ್ತಿದ್ದವನು ಎದೆ ಕೊಡುತ್ತಿದ್ದ. ಹಣೆ ಕೊಡುತ್ತಿದ್ದ. ಕೊನೆಗೆ ಬಗ್ಗಿಯಾದರೂ ತಪ್ಪಿಸಿಕೊಳ್ಳುತ್ತಿದ್ದ. ಧೂಮಕೇತನ ಮಾವಿನಹಣ್ಣು ಹಿಡಿಯುವವನಂತೆ ಎರಡೂ ಕೈ ಮೇಲೆತ್ತಿ ಚೆಂಡನ್ನು ಗಪ್ಪನೆ ಹಿಡಿದ. ಹಿಡಿದದ್ದಕ್ಕೆ ಅವನಿಗೆ ಖುಷಿಯೂ ಆಯಿತು.

"ಸಿಕ್ಕಿತು!" ಎಂದ.

ಗೆರೆಯ ಮೇಲೆ ನಿಂತಿದ್ದ ಆನೆ ಸೊಂಡಿಲೆತ್ತಿ ಘೀಳಿಟ್ಟಿತು. ಒಂದೇ ಊದು, ಚುರುಕಾದದ್ದು. ಆಟ ಬಲ್ಲ ಯಾರಿಗೂ ಅದರ ಅರ್ಥ ಹೇಳಬೇಕಾಗಿರಲಿಲ್ಲ.

ಧೂಮಕೇತನನಿಗೆ ಹೇಳಬೇಕಾಯಿತು. "ಏನಂತೆ ಅದಕ್ಕೆ?"

"ಕೈ," ಎಂದಳು ಬಿದಿಗೆ.

ಅವನು ಕೈಯಲ್ಲಿದ್ದ ಚೆಂಡನ್ನು ನೋಡಿದ. ಅದನ್ನು ಕೆಂಡದಂತೆ ಕೆಳಗೆ ಬಿಟ್ಟ. ಮುಖದ ಎಳೆತನ ಜಾರತೊಡಗಿತು. ಕೆನ್ನೆಯಲ್ಲಿ ಒಂದು ನೂರು ವರ್ಷ ಕಾಣಿಸಿಕೊಂಡಿತು.

"ನಾನು... ನಾನು ಗೋಲು ಕಾಯುವವನು!" ಎಂದು ಅರಚಿದ. "ಗೋಲು ಕಾಯುವವನು ಕೈಯಲ್ಲಿ ಹಿಡಿಯಬಹುದು! ಮೊದಲನೆಯ ನಿಯಮದಲ್ಲೇ ಇದೆ!"

"ಸರಿ," ಎಂದಳು ಬಿದಿಗೆ. "ನಿಮ್ಮ ಗೋಲು ಎಲ್ಲಿದೆ, ತೋರಿಸಿ."

ಧೂಮಕೇತನ ಆ ತುದಿ ನೋಡಿದ. ಈ ತುದಿ ನೋಡಿದ. ಎಲ್ಲೂ ಗೋಲು ಇರಲಿಲ್ಲ. ಚಪ್ಪರ ಹಾಕಲು ಗಟ್ಟಿ ಕಂಬ ಬೇಕೆಂದು ಎರಡೂ ಕಡೆಯ ಗೋಲುಕಂಬಗಳನ್ನು ಕಿತ್ತು ವೇದಿಕೆಗೆ ನೆಟ್ಟಿದ್ದರು. ಅವನದೇ ಅಪ್ಪಣೆ. ನಾಲ್ಕು ವರ್ಷದಿಂದ ಅವನು ಗೋಲುಕಂಬಗಳ ನೆರಳಲ್ಲೇ ಕೂತಿದ್ದ. ಅವು ಗೋಲುಕಂಬಗಳೆಂದು ಅವನ ಗಮನಕ್ಕೆ ಬಂದಿರಲಿಲ್ಲ.

ಆನೆ ಎರಡನೆಯ ಸಲ ಊದಿತು. ಸೊಂಡಿಲು ಚಾಚಿ ಗೆರೆಯಾಚೆಗೆ ತೋರಿಸಿತು. ಹೊರಗೆ.

"ನಾನು ಒಪ್ಪುವುದಿಲ್ಲ! ಮಂಡಳಿ ಸಭೆ ಸೇರಲಿ!" ಎಂದು ಧೂಮಕೇತನ ಆರು ಮಂದಿಯತ್ತ ತಿರುಗಿ ತಲೆಯಾಡಿಸಿದ. ಆದರೆ ಅವರು ಮೂರನೆಯ ನಿಯಮವನ್ನು ಆಗಷ್ಟೇ ಮೊದಲ ಬಾರಿ ಓದುತ್ತಿದ್ದರು. ತೀರ್ಪುಗಾರ ಊದಿದ ಮೇಲೆ ಮಾತಿಲ್ಲ. ಒಬ್ಬರೂ ತಲೆ ಎತ್ತಲಿಲ್ಲ.

ಅವನ ಕಾಲುಗಳು ಅವನನ್ನು ಕೇಳದೆ ನಡೆದವು. ಒಂದೊಂದು ಹೆಜ್ಜೆಗೂ ಒಂದೊಂದು ಊರಿನ ಆಯಸ್ಸು ಮೈಯಿಂದ ಉದುರಿತು. ಗೆರೆ ದಾಟಿದಾಗ ಬೆನ್ನು ಬಾಗಿತು, ಕೈಕಾಲು ನೆಲಕ್ಕೂರಿದವು, ಮೈ ಮರವಾಯಿತು. ಮಂತ್ರವಾದಿ ಇದ್ದ ಜಾಗದಲ್ಲಿ ಉದ್ದನೆಯದೊಂದು ಬೆಂಚು ಇತ್ತು. ಬಿದಿಗೆಯ ಕೊರಳಿನ ಮಾಲೆ ಬಾಡಿ ಉದುರಿತು. ಅವಳು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡಳು.

"ಬೊಮ್ಮಯ್ಯನೋರೇ, ಇನ್ನೊಂದು ಊದು ಬಾಕಿ ಇದೆ," ಎಂದಳು.

"ನಾಲ್ಕು ವರ್ಷದಿಂದ ಬಾಕಿ ಇದೆ," ಎಂದಿತು ಆನೆ. ಮೂರನೆಯ ಸಲ ಊದಿತು. ಅದು ಕೊನೆಯ ಊದು. ಉದ್ದವಾಗಿ, ಕಾಡು ದಾಟಿ, ಹೊಳೆ ದಾಟಿ, ಹಿಂದೆ ಆಟ ನಡೆದ ಎಲ್ಲ ದೇಶಗಳ ಮೈದಾನಗಳಿಗೂ ಕೇಳಿಸುವಂತೆ ಊದಿತು.

ನಲವತ್ತು ಸಾವಿರ ಕಲ್ಲುಗಳು ಒಟ್ಟಿಗೆ "ಉಸ್ಸಪ್ಪಾ" ಎಂದವು. ಬೆನ್ನುಗಳು ನೆಟ್ಟಗಾದವು, ಮಂಡಿಗಳು ಲಟಲಟ ಎಂದವು. ಏಳನೆಯ ಸಾಲಿನಲ್ಲಿ ನವಮಿ ಎದ್ದು ನಿಂತು, ಜೋಮು ಹಿಡಿದ ಕಾಲನ್ನು ನೆಲಕ್ಕೆ ಬಡಿದಳು. ಓಡಿ ಬಂದ ತಂಗಿಯನ್ನು ಕಂಡಳು.

"ಬಿದಿಗೇ, ನೀನ್ಯಾವಾಗ ಬಂದೆ? ಯಾರೇ ಗೆದ್ದಿದ್ದು?"

"ಎರಡಕ್ಕೆರಡು ಆಗಿತ್ತಂತೆ. ಆಮೇಲೆ ಎಲ್ಲಾರೂ ಮನೆಗೆ ಹೋದ್ರಂತೆ."

"ಥೂ! ಇದಕ್ಕಾ ನಾನು ಇಷ್ಟೊತ್ತು ಕೂತಿದ್ದು?" ಎಂದಳು ನವಮಿ. ಎಷ್ಟು ಹೊತ್ತು ಎಂದು ಬಿದಿಗೆ ಆಗಲೇ ಹೇಳಲಿಲ್ಲ. ಅಕ್ಕನನ್ನು ತಬ್ಬಿಕೊಂಡಳು. ಆಗ ಮಾತ್ರ ಸ್ವಲ್ಪ ಅತ್ತಳು.

ಆನೆ ಬೊಮ್ಮಯ್ಯನಾಯಿತು. ಕಿವಿಗಳು ಮಾತ್ರ ದೊಡ್ಡವಾಗಿಯೇ ಉಳಿದವು. ಇದರಿಂದ ಆಟಗಾರರಿಗೆ ತೊಂದರೆಯಾಯಿತು; ಮೈದಾನದ ಆ ತುದಿಯಲ್ಲಿ ಗೊಣಗಿದ ಬೈಗುಳವೂ ಅವನಿಗೆ ಕೇಳಿಸುತ್ತಿತ್ತು. ಹುಲಿ ಎಚ್ಚರಗೊಂಡು ಕಾಡಿಗೆ ಹೋಯಿತು. ಅದು ಮತ್ತೆ ಯಾವತ್ತೂ ಮುದ್ದೆಯ ವಾಸನೆ ಇದ್ದ ಕಡೆ ಸುಳಿಯಲಿಲ್ಲ. ಗೋಲುಕಂಬಗಳನ್ನು ಕಿತ್ತು ತಂದು ಅವುಗಳ ಜಾಗದಲ್ಲಿ ನೆಟ್ಟರು. ಚಪ್ಪರ ಬಿದ್ದುಹೋಯಿತು.

"ಹಾಗಾದರೆ ಮುಂದಿನ ಆಟ ಎಲ್ಲಿ?" ಎಂದು ಕೇಳಿದ ರತ್ನಾಂಗದ. ಅವನಿಗೆ ಇನ್ನೂ ಆಸೆ ಇತ್ತು.

"ಹೋದ ಸಲ ಎಲ್ಲಾರಿಗಿಂತ ಕಡೆಗೆ ಬಂದ ತಂಡ ಯಾವುದು?" ಎಂದಳು ಬಿದಿಗೆ.

ರತ್ನಾಂಗದ ನೆಲ ನೋಡಿದ. "ನಮ್ಮದೇ."

"ಹಂಗಾದ್ರೆ ನಿಮ್ಮಲ್ಲೇ. ನಿಮ್ಮ ಜನಕ್ಕೂ ಒಳ್ಳೆ ಆಟ ನೋಡೋಕೆ ಸಿಗ್ಲಿ. ಚಿನ್ನದ ಹುಲ್ಲು ಕಿತ್ತು ಹಸಿರು ಹುಲ್ಲು ಹಾಕಿ. ಜನಕ್ಕೆ ಯಾವಾಗ ಬೇಕೋ ಆಗ ಎದ್ದು ಹೋಗೋಕೆ ಬಿಡಿ."

ಅಂದಿನಿಂದ ಕಡೆಗೆ ಬಂದವರಿಗೆ ಆತಿಥ್ಯ ಎಂಬುದೇ ನಿಯಮವಾಯಿತು. ಪುಸ್ತಕದಲ್ಲಿ ಈಗ ಇರುವುದು ನಾಲ್ಕೇ ನಿಯಮ. ಎಲ್ಲರೂ ಓದಿದ್ದಾರೆ.

ದೊರೆ ಚಿಕ್ಕಭೂಪ ಎಂಟು ದಿನ ಮುನಿಸಿಕೊಂಡಿದ್ದ. ಒಂಬತ್ತನೆಯ ದಿನ ಹೊಸ ನಕಾಶೆ ಬಂತು. ಕಿರುಮಡಿ ಸಣ್ಣ ಅಕ್ಷರದಲ್ಲೇ ಇತ್ತು, ಆದರೆ ಇತ್ತು. ಅವನು ಅದನ್ನು ಚಾವಡಿಯಲ್ಲಿ ತೂಗುಹಾಕಿಸಿದ. ನವಮಿಯ ಮನೆಯಲ್ಲಿ ಒಲೆಯ ಮೇಲಿಟ್ಟ ಹಾಲು ಸೀದು ನಾಲ್ಕು ವರ್ಷವಾಗಿತ್ತು. ಆ ಪಾತ್ರೆ ತಿಕ್ಕಲು ಅಕ್ಕ ತಂಗಿ ಇಬ್ಬರಿಗೂ ಒಂದು ವಾರ ಹಿಡಿಯಿತು. ಬೆಂಚನ್ನು ಯಾರೂ ಸುಡಲಿಲ್ಲ. ಗೆರೆಯಾಚೆ ಬದಲಿ ಆಟಗಾರರು ಅದರ ಮೇಲೆ ಕೂರುತ್ತಾರೆ. ಆಟ ನೋಡುತ್ತಾ ಅವರು ಕಾಲು ಆಡಿಸುವಾಗ ಅದು ಸಣ್ಣಗೆ ನರಳುತ್ತದೆ.

ಐವತ್ತಾರು ದೇಶಗಳ ಜನ ಆಮೇಲೆ ಸುಖವಾಗಿದ್ದರು. ಗೆದ್ದವರು ಅದೇ ದಿನದಿಂದ, ಸೋತವರು ಎರಡು ದಿನ ಬಿಟ್ಟು.